ಪಾಂಡು ಪಾಪವೇ? ಹಳೆಯ ನಗೆ ಧಾರಾವಾಹಿಯನ್ನು ಮನೆಮಂದಿ ಮತ್ತೆ ನೋಡುವಾಗ

ನಗುವಿಗೂ ವಯಸ್ಸಾಗುತ್ತದೆಯೇ? ಇಪ್ಪತ್ತು ವರ್ಷಗಳ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕ ಒಂದು ಮಾತಿಗೆ ಇಂದು ತುಟಿ ಮಾತ್ರ ಅಲುಗಿದರೆ, ಬದಲಾದದ್ದು ಆ ಮಾತೋ ಅಥವಾ ನಾವೋ? ಅಂದು ನಮ್ಮ ಪಕ್ಕದಲ್ಲಿ ಕುಳಿತು ನಕ್ಕವರಲ್ಲಿ ಇಂದು ಎಷ್ಟು ಮಂದಿ ನಮ್ಮೊಂದಿಗಿದ್ದಾರೆ? ಹಳೆಯ ಹಾಸ್ಯ ಧಾರಾವಾಹಿಯೊಂದನ್ನು ಮನೆಯಲ್ಲಿ ಮತ್ತೆ ಹಾಕಿಕೊಂಡು ನೋಡಿ. ಮೊದಲ ಐದು ನಿಮಿಷ ಕಳೆಯುವುದರೊಳಗೆ ಈ ಪ್ರಶ್ನೆಗಳು ತಾವಾಗಿಯೇ ಬಂದು ನಿಮ್ಮ ಪಕ್ಕ ಕುಳಿತುಕೊಳ್ಳುತ್ತವೆ.

ಹಿಂದೆ ಒಂದು ಕಂತು ತಪ್ಪಿದರೆ ತಪ್ಪಿದಂತೆಯೇ. ನೆರೆಮನೆಯವರ ಬಾಯಿಂದ ಕಥೆ ಕೇಳಿ ತೃಪ್ತಿಪಡಬೇಕಿತ್ತು. ಇಂದು ಹಾಗಿಲ್ಲ. ಅಂದಿನ ಅನೇಕ ಕಂತುಗಳು, ತುಣುಕುಗಳು ಮೊಬೈಲಿನಲ್ಲಿ ಸಿಗುತ್ತವೆ. ಮಕ್ಕಳು ಅದನ್ನು ಟಿ.ವಿ.ಗೆ ಜೋಡಿಸಿ ಕೊಡುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನವೇ ತನ್ನ ಹಳೆಯ ಧಾರಾವಾಹಿಗಳನ್ನು ಹೊರತೆಗೆದು ಮರುಪ್ರಸಾರ ಮಾಡಿತು. ಹಳೆಯ ಕಾರ್ಯಕ್ರಮಗಳಿಗಾಗಿಯೇ ಡಿಡಿ ರೆಟ್ರೋ ಎಂಬ ವಾಹಿನಿ ಆರಂಭವಾಯಿತು. ಮನೆಯೊಳಗೆ ಬಂದಿಯಾಗಿದ್ದ ಜನ ಇಪ್ಪತ್ತೇಳು ವರ್ಷ ಹಳೆಯ ‘ದೇಖ್ ಭಾಯಿ ದೇಖ್’ ನೋಡಿ ನಕ್ಕರು. ಅಂದಿನಿಂದ ಹಳೆಯದನ್ನು ಮತ್ತೆ ನೋಡುವುದು ಅನೇಕ ಮನೆಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ.

ಕೆಂಪು ಧೂಳು, ನಗುವಿನ ಅರ್ಧ ಗಂಟೆ

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ಪಾಪಿನಾಯಕನಹಳ್ಳಿ ಸಿಗುತ್ತದೆ. ಸುತ್ತಲಿನವರ ಬಾಯಲ್ಲಿ ಅದು ಪಿ.ಕೆ.ಹಳ್ಳಿ. ಒಂದು ಕಡೆ ಸಂಡೂರಿನ ಗುಡ್ಡಸಾಲು, ಇನ್ನೊಂದು ಕಡೆ ರೈಲು ಹಳಿ. ಎರಡು ಸಾವಿರದ ನಂತರದ ವರ್ಷಗಳಲ್ಲಿ ಈ ದಾರಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚೀನಾಕ್ಕೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲವದು. ಹಗಲು ರಾತ್ರಿ ಎನ್ನದೆ ಲಾರಿಗಳ ಸಾಲು. ಒಣಗಲು ಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಸರಳಿನ ಮೇಲೆ, ಮುಚ್ಚಿಟ್ಟ ಪಾತ್ರೆಯ ಮೇಲೆ ಕೆಂಪು ಧೂಳು. ಟಿ.ವಿ. ಹಾಕುವ ಮುನ್ನ ಸೆರಗಿನಲ್ಲೋ ದುಪಟ್ಟಾದಲ್ಲೋ ಅದರ ಗಾಜನ್ನೊಮ್ಮೆ ಒರೆಸುವುದು ಹೆಣ್ಣುಮಕ್ಕಳ ನಿತ್ಯದ ಕೆಲಸ.

ಅದೇ ವರ್ಷಗಳಲ್ಲಿ ಕನ್ನಡದ ಮನೆಗಳಿಗೆ ನಗು ಕೇಬಲ್ ತಂತಿಯಲ್ಲಿ ಬಂತು. 2000ನೇ ಇಸವಿಯ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಯಿತು. ಇಂದು ಅದೇ ಕಲರ್ಸ್ ಕನ್ನಡ. ಅದರಲ್ಲಿ ಬಂದ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ಯನ್ನು ಮರೆತವರು ಕಡಿಮೆ. ‘ಪಾಪ ಪಾಂಡು’ವನ್ನು ನಿರ್ದೇಶಿಸಿದವರು ಸಿಹಿ ಕಹಿ ಚಂದ್ರು. ದೂರದರ್ಶನದ ದಿನಗಳಲ್ಲಿ ಬಂದ ‘ಸಿಹಿ ಕಹಿ’ ಧಾರಾವಾಹಿಯೇ ಅವರ ಹೆಸರಿನ ಮುಂದೆ ಶಾಶ್ವತವಾಗಿ ಅಂಟಿಕೊಂಡಿತು ಎಂಬುದು ನಿಮಗೆ ನೆನಪಿರಬಹುದು. ಪಾಂಡುವಾಗಿ ಚಿದಾನಂದ್, ಶ್ರೀಮತಿಯಾಗಿ ಶಾಲಿನಿ. ‘ಸಿಲ್ಲಿ ಲಲ್ಲಿ’ಯಲ್ಲಿ ಡಾಕ್ಟರ್ ವಿಠ್ಠಲರಾವ್ ಆಗಿ ರವಿಶಂಕರ್, ಸಮಾಜ ಸೇವಕಿ ಲಲಿತಾಂಬಳಾಗಿ ಮಂಜುಭಾಷಿಣಿ. ನಿರ್ದೇಶನ ವಿಜಯಪ್ರಸಾದ್ ಅವರದು.

ಮನೆಯ ಗಂಡಸರು ಗಣಿಯಲ್ಲೋ, ಲಾರಿಯಲ್ಲೋ, ಕಾರ್ಖಾನೆಯ ಪಾಳಿಯಲ್ಲೋ ಇರುತ್ತಿದ್ದರು. ರೊಟ್ಟಿ ಬಡಿದಾಗಿದೆ, ಮಕ್ಕಳ ಓದು ಮುಗಿದಿದೆ ಎನ್ನುವ ಹೊತ್ತಿಗೆ ಸಿಗುತ್ತಿದ್ದ ಅರ್ಧ ಗಂಟೆ ಹೆಂಗಸರದ್ದು. ದಾದಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಪಾಂಡುವಿನ ಮುಖ ನೋಡಿಯೇ ನಗು ಬರುತ್ತಿತ್ತು. ಮನೆಯಲ್ಲಿ ದಖನಿ, ಟಿ.ವಿ.ಯಲ್ಲಿ ಬೆಂಗಳೂರಿನ ಕನ್ನಡ. ಎಷ್ಟೋ ಹಿರಿಯರು ಕನ್ನಡದ ಹೊಸ ಮಾತುಗಳನ್ನು ಕಲಿತದ್ದು ಹೀಗೆ ನಗುತ್ತಲೇ.

ಆಮೇಲೆ ಕಾಲ ತಿರುಗಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಕಾಡು, ನೀರು, ಗುಡ್ಡ ಉಳಿಯಬೇಕಾದರೆ ಅದು ಬೇಕಾಗಿತ್ತು. ಆದರೆ ಸಾಲ ಮಾಡಿ ಲಾರಿ ಕೊಂಡ ಮನೆಗಳಲ್ಲಿ ಆ ವರ್ಷ ಹೇಗೆ ಕಳೆಯಿತೆಂಬುದನ್ನು ಅಲ್ಲಿನ ಹೆಣ್ಣುಮಕ್ಕಳೇ ಹೇಳಬೇಕು. 2013ರ ತೀರ್ಪಿನ ನಂತರ ಗಣಿಗಳು ನಿಯಮಕ್ಕೊಳಪಟ್ಟು ಒಂದೊಂದಾಗಿ ತೆರೆದವು. 2021ರಲ್ಲಿ ಜಿಲ್ಲೆಯೂ ಬದಲಾಗಿ ಈ ಊರು ವಿಜಯನಗರ ಜಿಲ್ಲೆಗೆ ಸೇರಿತು. ಹೀಗಿರುವಾಗ ‘ಪಾಪ ಪಾಂಡು’ವಿನ ಒಂದು ಹಳೆಯ ಕಂತು ಕಂಡರೆ ನಮಗೆ ಕಾಣುವುದು ಪಾಂಡು ಮಾತ್ರವಲ್ಲ. ಆಗ ಮನೆಯಲ್ಲಿ ಯಾರಿದ್ದರು, ಯಾವ ಗೋಡೆಗೆ ಯಾವ ಬಣ್ಣವಿತ್ತು, ಯಾರ ಮದುವೆಯ ಚಿಂತೆಯಿತ್ತು ಎಂಬುದೆಲ್ಲ ಕಾಣುತ್ತದೆ.

ಮೊದಲ ಕಂತಿಗಿಂತ ಕೊನೆಯ ಕಂತು

ಮತ್ತೆ ನೋಡುವವರು ಸಾಮಾನ್ಯವಾಗಿ ಮೊದಲಿನ ಕಂತುಗಳನ್ನೇ ಹುಡುಕುತ್ತಾರೆ. ಕೊನೆಯ ಭಾಗವನ್ನು ‘ಅದು ಮೊದಲಿನ ಹಾಗಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಆದರೆ ಹೆಚ್ಚು ಕಲಿಯಲು ಸಿಗುವುದು ಆ ಕೊನೆಯ ಭಾಗದಲ್ಲೇ.

ನಗೆ ಧಾರಾವಾಹಿಯ ಕಟ್ಟು ಬಹಳ ಸರಳ. ಒಂದು ಮನೆ, ನಾಲ್ಕೈದು ಜನ, ಅವರಿಗೊಂದೊಂದು ದೌರ್ಬಲ್ಯ. ಒಬ್ಬ ಹೆದರುಪುಕ್ಕಲ, ಒಬ್ಬಳು ಜಂಬಗಾತಿ, ಇನ್ನೊಬ್ಬ ಜಿಪುಣ. ಕಂತಿನ ಆರಂಭದಲ್ಲಿ ಒಂದು ಸಣ್ಣ ತೊಡಕು. ಅದನ್ನು ಬಿಡಿಸಲು ಹೋಗಿ ದೊಡ್ಡ ತೊಡಕು. ಕೊನೆಗೆ ಎಲ್ಲವೂ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಅಳು ಧಾರಾವಾಹಿಯ ಕಥೆ ಮುಂದಕ್ಕೆ ಹೋಗುತ್ತದೆ, ನಗೆ ಧಾರಾವಾಹಿಯ ಕಥೆ ಸುತ್ತು ಹೊಡೆಯುತ್ತದೆ. ನಾಳೆ ನೋಡುವವರಿಗೆ ನಿನ್ನೆಯ ಕಥೆ ತಿಳಿದಿರಬೇಕಿಲ್ಲ. ದುಡಿದು ದಣಿದವರಿಗೆ ಅದು ಹಿಡಿಸುವುದೂ ಇದಕ್ಕೇ.

ತೊಂದರೆ ಬರುವುದು ನೂರಾರು ಕಂತುಗಳಾದ ಮೇಲೆ. ಅದೇ ಹೆದರಿಕೆಗೆ ಜನ ಮತ್ತೆ ನಗಬೇಕಾದರೆ ಹೆದರಿಕೆಯನ್ನು ಹೆಚ್ಚಿಸಬೇಕು. ಒಂದು ಏಟಿಗೆ ನಗು ಬಾರದಿದ್ದರೆ ಎರಡು ಏಟು. ಮನುಷ್ಯನಂತಿದ್ದ ಪಾತ್ರ ನಿಧಾನವಾಗಿ ಬೊಂಬೆಯಂತಾಗುತ್ತದೆ. ಇದು ನಮ್ಮ ಧಾರಾವಾಹಿಗಳದ್ದು ಮಾತ್ರವಲ್ಲ, ಜಗತ್ತಿನ ಎಲ್ಲ ಕಡೆಯ ಕಥೆ.

ಕೆಲವರು ಈ ಬಲೆಯಿಂದ ತಪ್ಪಿಸಿಕೊಂಡರು. ಅಮೆರಿಕದ ‘ಮ್ಯಾಶ್’ ಎಂಬ ಹಾಸ್ಯ ಧಾರಾವಾಹಿ ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಕಥೆ. ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮೂರು ವರ್ಷ. ಧಾರಾವಾಹಿ ನಡೆದದ್ದು 1972ರಿಂದ 1983ರವರೆಗೆ, ಹನ್ನೊಂದು ಸೀಸನ್! ವರ್ಷ ಕಳೆದಂತೆ ಅದು ಏಟು ಹೆಚ್ಚಿಸಲಿಲ್ಲ, ನಗುವಿನ ನಡುವೆ ನೋವಿಗೆ ಜಾಗ ಮಾಡಿಕೊಟ್ಟಿತು. 1983ರ ಫೆಬ್ರವರಿ 28ರಂದು ಪ್ರಸಾರವಾದ ಅದರ ಕೊನೆಯ ಕಂತನ್ನು ಆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿ ನೋಡಿದರು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ‘ಮಾಲ್ಗುಡಿ ಡೇಸ್’. ಅದು ಬರೀ ನಗೆಯ ಧಾರಾವಾಹಿಯಲ್ಲ, ಆದರೆ ಅದರಲ್ಲಿರುವ ನಗು ಎಂಥದೆಂದು ನೋಡಿದವರಿಗೆ ಗೊತ್ತು. ಆರ್.ಕೆ. ನಾರಾಯಣ್ ಅವರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶಕರು ಶಂಕರ್ ನಾಗ್. ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಚಿತ್ರೀಕರಿಸಿದ ಆ ಧಾರಾವಾಹಿ 1987ರಲ್ಲಿ ದೂರದರ್ಶನದಲ್ಲಿ ಬಂತು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ನಡೆದ ರಸ್ತೆ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು. ಮಾಲ್ಗುಡಿಯ ಬಾಗಿಲು ಮುಚ್ಚಿತೆಂದೇ ಎಲ್ಲರೂ ತಿಳಿದಿದ್ದರು.

ಆದರೆ 2006ರಲ್ಲಿ ಇನ್ನೊಂದು ಸರಣಿ ಬಂತು. ಈ ಸಲ ನಿರ್ದೇಶನದ ಹೊಣೆ ಹೊತ್ತವರು ಕವಿತಾ ಲಂಕೇಶ್. ಶಂಕರ್ ನಾಗ್ ಮಾಡಿದ್ದು 39 ಕಂತು, ಕವಿತಾ ಮಾಡಿದ್ದು 15. ಹತ್ತೊಂಬತ್ತು ವರ್ಷಗಳ ಅಂತರ, ಎಲ್ಲರ ಮನಸ್ಸಿನಲ್ಲಿ ನೆಲೆಯೂರಿದ ಹಳೆಯ ನೆನಪು, ಹೋಲಿಸಲು ಕಾದು ಕುಳಿತ ಕಣ್ಣುಗಳು. ಹಿರಿಯ ಸೊಸೆ ನಡೆಸುತ್ತಿದ್ದ ಅಡುಗೆಮನೆಗೆ ಹೊಸದಾಗಿ ಕಾಲಿಟ್ಟ ಸೊಸೆಯ ಪಾಡು ಹೇಗಿರುತ್ತದೆಂದು ನಿಮಗೆ ಗೊತ್ತು! ‘ಆಕೆಯ ಕೈರುಚಿಯೇ ಬೇರೆ’ ಎಂಬ ಮಾತನ್ನು ಕೇಳಿಕೊಂಡೇ ಈಕೆ ಒಲೆ ಹಚ್ಚಬೇಕು. ಈ ಕೊನೆಯ ಸರಣಿಯನ್ನು ಹೋಲಿಕೆಯ ತಕ್ಕಡಿ ಬದಿಗಿಟ್ಟು ನೋಡಿ. ಒಬ್ಬರು ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದು ತಿಳಿಯುತ್ತದೆ. ಅಂದ ಹಾಗೆ, ಅಂದು ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತು ಸಂಗ್ರಹಾಲಯ ಸಿದ್ಧವಾಗಿದೆ. ರಜೆಯಲ್ಲಿ ಆ ಕಡೆ ಹೋದರೆ ಮಕ್ಕಳಿಗೆ ತೋರಿಸಬಹುದು.

‘ಪಾಪ ಪಾಂಡು’ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂತು. ಚಿದಾನಂದ್ ಮತ್ತು ಶಾಲಿನಿ ಅವರೇ ಮತ್ತೆ ಪಾಂಡು ಮತ್ತು ಶ್ರೀಮತಿ. ಮರುವರ್ಷ ‘ಸಿಲ್ಲಿ ಲಲ್ಲಿ’ಯೂ ಹೊಸ ಮುಖಗಳೊಂದಿಗೆ ಬಂತು. ಮೊದಲನೆಯದರಲ್ಲಿ ಅದೇ ಜನ, ವಯಸ್ಸು ಮಾತ್ರ ಮುಂದೆ ಹೋಗಿದೆ. ಎರಡನೆಯದರಲ್ಲಿ ಅದೇ ಹೆಸರು, ಜನ ಬೇರೆ. ಎರಡನ್ನೂ ನೋಡುವಾಗ ಮನಸ್ಸು ಹಳೆಯ ಮುಖವನ್ನೇ ಅರಸುತ್ತದೆ. ಊರಿಗೆ ಹೋದಾಗ ತವರಿನ ಜಗಲಿಯ ಮೇಲೆ ಅಮ್ಮಿಯನ್ನು ಅರಸುವ ಹಾಗೆ.

ಪಾಂಡು ತಿಂದ ಪೆಟ್ಟು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ‘ಪಾಪ ಪಾಂಡು’ವಿನ ನಗುವಿನ ಮೂಲ ಯಾವುದು? ಹೆಂಡತಿಗೆ ಹೆದರುವ ಗಂಡ, ಗದರುವ, ಕೈ ಎತ್ತುವ ಹೆಂಡತಿ. ಹೆಸರಿನಲ್ಲೇ ತೀರ್ಪಿದೆ: ಪಾಂಡು ಪಾಪ! ಅಂದು ನಾವು ನಕ್ಕದ್ದೇಕೆ? ಲೋಕದಲ್ಲಿ ಕಾಣುವುದಕ್ಕೆ ಅದು ಪೂರ್ತಿ ತಿರುವುಮುರುವಾಗಿತ್ತು. ದಿನವಿಡೀ ದನಿ ಎತ್ತದೆ ದುಡಿದ ಹೆಣ್ಣಿಗೆ ಪರದೆಯ ಮೇಲೆ ಇನ್ನೊಬ್ಬಳು ದನಿ ಎತ್ತಿದಾಗ ಒಳಗೊಳಗೇ ಹಗುರಾಗುತ್ತಿತ್ತು.

ಈಗ ನಿಮ್ಮ ಪಕ್ಕದಲ್ಲಿ ಹದಿನಾಲ್ಕು ವರ್ಷದ ಮಗಳು ಕುಳಿತಿದ್ದಾಳೆ ಎಂದುಕೊಳ್ಳಿ. ಶ್ರೀಮತಿಯ ಕೈ ಮೇಲೇಳುತ್ತದೆ, ಪಾಂಡು ಕುಗ್ಗುತ್ತಾನೆ, ನೀವು ನಗುತ್ತೀರಿ. “ಅಮ್ಮಿ, ಹೊಡೆಯೋದ್ರಲ್ಲಿ ನಗೋದೇನಿದೆ?” ಎಂದು ಅವಳು ಕೇಳಿದರೆ? “ಇದೇ ಪೆಟ್ಟನ್ನು ಪಾಂಡು ಶ್ರೀಮತಿಗೆ ಕೊಟ್ಟಿದ್ರೂ ನಗ್ತಿದ್ರಾ?” ಎಂದರೆ?

ಉತ್ತರ ಕೊಡುವ ಮುನ್ನ ಒಂದು ಅಂಕಿಯನ್ನು ನೋಡಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದ ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 21ರ ಆಸುಪಾಸಿನಲ್ಲಿತ್ತು. ಅಂದರೆ ಪರದೆಯ ಮೇಲೆ ಪಾಂಡು ಪಾಪ, ಆದರೆ ಪರದೆಯ ಮುಂದೆ ಕುಳಿತವರಲ್ಲಿ ಪಾಪದವರು ಯಾರು?

ಹಾಗೆಂದು ಧಾರಾವಾಹಿಯನ್ನು ಹಳಿಯಬೇಕೆಂದಲ್ಲ. ಚಿದಾನಂದ್ ಮತ್ತು ಶಾಲಿನಿ ಅವರ ಅಭಿನಯದ ಜಾಣ್ಮೆ, ಮಾತಿನ ಹೊಂದಾಣಿಕೆ ಇಂದಿಗೂ ಖುಷಿ ಕೊಡುತ್ತದೆ. ಆದರೆ ಮಗಳ ಪ್ರಶ್ನೆಗೆ ‘ಸುಮ್ನಿರು, ತಮಾಷೆಗೆ ಮಾಡಿದ್ದು’ ಎಂದರೆ ಒಂದು ಒಳ್ಳೆಯ ಅವಕಾಶ ಕೈತಪ್ಪುತ್ತದೆ. ಹೊಡೆತ ಯಾರು ಕೊಟ್ಟರೂ ಹೊಡೆತವೇ, ಪರದೆಯ ಮೇಲೆ ಅದು ನೋಯುವುದಿಲ್ಲ, ಮನೆಯಲ್ಲಿ ನೋಯುತ್ತದೆ ಎಂದು ಹೇಳಲು ಇದಕ್ಕಿಂತ ಹಿತವಾದ ಸಂದರ್ಭ ಎಲ್ಲಿ ಸಿಗುತ್ತದೆ? ಕೋಣೆಯಲ್ಲಿ ಮಗನೂ ಇದ್ದರೆ ಇನ್ನೂ ಒಳ್ಳೆಯದು. ಯಾರಿಗಾದರೂ ಸಹಾಯ ಬೇಕಾದರೆ ಮಹಿಳಾ ಸಹಾಯವಾಣಿಯ ಸಂಖ್ಯೆ 181 ಎಂಬುದನ್ನೂ ಮಾತಿನ ನಡುವೆ ಮಕ್ಕಳ ಕಿವಿಗೆ ಹಾಕಿಡಬಹುದು.

‘ಸಿಲ್ಲಿ ಲಲ್ಲಿ’ಯಲ್ಲೂ ಇಂಥದೇ ಒಂದು ಪ್ರಶ್ನೆಯಿದೆ. ಲಲಿತಾಂಬ ಸಮಾಜ ಸೇವಕಿ, ಅವಳ ಸಮಾಜ ಸೇವೆಯೇ ಅಲ್ಲಿ ನಗೆಯ ವಸ್ತು. ಸೇವೆಯ ಹೆಸರಿನಲ್ಲಿ ಜಂಬ ಪಡುವವರನ್ನು ಗೇಲಿ ಮಾಡುವುದು ಸರಿಯೇ. ಆದರೆ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದದ್ದು 2000-01ರಲ್ಲಿ. ಹಳ್ಳಿಯ ಹೆಣ್ಣುಮಕ್ಕಳು ಮೊದಲ ಸಲ ಸಂಘ ಕಟ್ಟಿ, ಪಾಸ್‌ಬುಕ್ ಹಿಡಿದು, ಸಭೆಗೆಂದು ಮನೆಯ ಹೊಸ್ತಿಲು ದಾಟಿದ ವರ್ಷಗಳವು. “ಹೊರಟಳು ನೋಡ್ರಿ ಲಲಿತಾಂಬ!” ಎಂದು ಯಾರಾದರೂ ಅಂಥವಳನ್ನು ಹಂಗಿಸಿದರೆ, ಅದು ಎಲ್ಲರಿಗೂ ನಗೆಯಾಗಿರಲಾರದು. ಒಂದೇ ನಗು ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಚುಚ್ಚು. ಯಾರನ್ನೂ ಅಪಹಾಸ್ಯ ಮಾಡಬಾರದೆಂಬ ಪಾಠ ನಮ್ಮ ಮನೆಗಳ ಮಕ್ಕಳಿಗೆ ಹೊಸದಲ್ಲ. ನಗಿಸುವುದಕ್ಕೂ ಅಪಹಾಸ್ಯಕ್ಕೂ ಇರುವ ಗೆರೆ ಎಲ್ಲಿದೆ ಎಂಬುದನ್ನು ಅವರೇ ಹುಡುಕಲಿ.

ಪೆಟ್ಟಿಗೆಯಲ್ಲಿಟ್ಟ ನಗು

ಕೆಲವು ಹಾಸ್ಯ ಧಾರಾವಾಹಿಗಳಲ್ಲಿ ಮಾತು ಮುಗಿದೊಡನೆ ಹಿನ್ನೆಲೆಯಲ್ಲಿ ಗೊಳ್ಳೆಂಬ ನಗು ಕೇಳುತ್ತದೆ. ಅದು ಎಲ್ಲಿಂದ ಬಂತು ಗೊತ್ತೇ? 1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ ಜನರ ನಗುವನ್ನು ಧ್ವನಿಮುದ್ರಿಸಿಟ್ಟ ಯಂತ್ರವೊಂದನ್ನು ತಯಾರಿಸಿದ. ಒಂದು ಗುಂಡಿ ಒತ್ತಿದರೆ ಮುಗುಳ್ನಗು, ಇನ್ನೊಂದು ಒತ್ತಿದರೆ ಅಟ್ಟಹಾಸ. ‘ಇಲ್ಲಿ ನಗಬೇಕು’ ಎಂದು ನಮಗೆ ಹೇಳಿಕೊಡುವ ಉಪಾಯವದು. ಮೇಲೆ ಹೇಳಿದ ‘ಮ್ಯಾಶ್’ ಧಾರಾವಾಹಿಯ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಲ್ಲಿ ಈ ನಗುವನ್ನು ಬೆರೆಸುತ್ತಿರಲಿಲ್ಲ. ನೋವಿರುವ ಕಡೆ ನಕಲಿ ನಗು ಬೇಡವೆಂಬ ವಿವೇಕ ಅದರ ಹಿಂದಿತ್ತು.

ಮನೆಯಲ್ಲಿ ಒಂದು ಆಟ ಆಡಿನೋಡಿ. ಇಂಥ ಧಾರಾವಾಹಿಯ ಒಂದು ದೃಶ್ಯವನ್ನು ಧ್ವನಿ ನಿಲ್ಲಿಸಿ ನೋಡಿ, ಆಮೇಲೆ ಧ್ವನಿಯೊಂದಿಗೆ ನೋಡಿ. ನಿಮಗೆ ನಗು ಬಂದದ್ದು ಮಾತಿಗೋ, ಪೆಟ್ಟಿಗೆಯ ನಗುವಿಗೋ? ಮಕ್ಕಳು ಇದನ್ನು ಬಹಳ ಬೇಗ ಕಂಡುಹಿಡಿಯುತ್ತಾರೆ. ಬೇರೆಯವರು ನಗುತ್ತಾರೆಂದು ತಾನೂ ನಗಬೇಕಿಲ್ಲ ಎಂಬ ತಿಳಿವಳಿಕೆ ಶಾಲೆಯಲ್ಲಿ, ಕಾಲೇಜಿನಲ್ಲಿ, ಗೆಳತಿಯರ ನಡುವೆ ಅವರಿಗೆ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ನೋಡುವುದು ಹೇಗೆ?

ನಾಲ್ಕು ಜನ ನಾಲ್ಕು ಮೊಬೈಲು ಹಿಡಿದು ನಾಲ್ಕು ಮೂಲೆಯಲ್ಲಿ ಕುಳಿತರೆ ಅದು ಒಟ್ಟಿಗೆ ನೋಡಿದಂತಲ್ಲ. ಅಂದಿನ ದಿನಗಳ ದೊಡ್ಡ ಸುಖ ಧಾರಾವಾಹಿಯಲ್ಲಿರಲಿಲ್ಲ, ಒಂದೇ ಟಿ.ವಿ.ಯ ಮುಂದೆ ಎಲ್ಲರೂ ಕೂರಬೇಕಾದ ಅನಿವಾರ್ಯದಲ್ಲಿತ್ತು. ಇಂದು ಆ ಅನಿವಾರ್ಯ ಇಲ್ಲ. ನಾವೇ ಅದನ್ನು ಮಾಡಿಕೊಳ್ಳಬೇಕು.

ವಾರಕ್ಕೆ ಒಂದು ದಿನ ಗೊತ್ತುಮಾಡಿ. ಇಶಾ ನಮಾಝ್, ಊಟ ಮುಗಿದ ಮೇಲೆ ಅರ್ಧ ಗಂಟೆ ಸಾಕು. ಹಳೆಯ ಕಂತುಗಳು ಒಂದರ ಹಿಂದೊಂದು ತಾವಾಗಿಯೇ ಬರುತ್ತಿರುತ್ತವೆ. ಒಂದು ಮುಗಿದೊಡನೆ ನಿಲ್ಲಿಸುವವರು ಯಾರೆಂದು ಮೊದಲೇ ನಿಶ್ಚಯಿಸಿ. ಆ ಕೆಲಸವನ್ನು ಕಿರಿಯವರಿಗೆ ವಹಿಸಿದರೆ ಅವರು ಗಡಿಯಾರ ನೋಡಿ ಚಾಚೂ ತಪ್ಪದೆ ಮಾಡುತ್ತಾರೆ!

ಮಕ್ಕಳೊಂದಿಗೆ ನೋಡುವ ಕಂತನ್ನು ಮೊದಲು ನೀವೊಮ್ಮೆ ನೋಡಿಡಿ. ನೆನಪಿನಲ್ಲಿ ಶುದ್ಧವಾಗಿರುವ ಎಷ್ಟೋ ಮಾತುಗಳು ಇಂದು ಕೇಳಿದರೆ ಇರಿಸುಮುರಿಸು ತರುತ್ತವೆ. ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ತೊದಲುವವರನ್ನು ನಗೆಗೆ ಬಳಸುವುದು ಆಗ ಸಾಮಾನ್ಯವಾಗಿತ್ತು. ಅಂಥ ಕಂತು ಬಿಡಬೇಕೋ, ತೋರಿಸಿ ಮಾತನಾಡಬೇಕೋ ಎಂಬುದು ನಿಮ್ಮ ಮಕ್ಕಳ ವಯಸ್ಸನ್ನು ಅವಲಂಬಿಸಿದೆ.

ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಮುಂದಿನ ಜಾಗ ಕೊಡಿ. ಮರೆವು ಆವರಿಸುತ್ತಿರುವ ಅಜ್ಜ, ದಾದಿಯರು ನಿನ್ನೆಯದನ್ನು ಮರೆತರೂ ಹಳೆಯ ಶೀರ್ಷಿಕೆ ಗೀತೆ ಕೇಳಿದೊಡನೆ ಮುಖ ಅರಳಿಸುವುದುಂಟು. “ಆಗ ನಮ್ಮನೇಲಿ ಯಾವ ಟಿ.ವಿ. ಇತ್ತು ದಾದಿ?” ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ಧಾರಾವಾಹಿ ಹಿಂದೆ ಸರಿದು ಮನೆಯ ಕಥೆ ಮುಂದೆ ಬರುತ್ತದೆ. ಅಬ್ಬಾ ಲಾರಿಯಿಂದ ಬರುತ್ತಿದ್ದ ಹೊತ್ತು, ಕರೆಂಟು ಹೋದಾಗ ಅರ್ಧಕ್ಕೆ ನಿಂತ ನಗು, ಯಾರೋ ನಗುತ್ತ ನಗುತ್ತ ಹಾಲು ಉಕ್ಕಿಸಿದ್ದು, ಇವೆಲ್ಲ ಯಾವ ವಾಹಿನಿಯಲ್ಲೂ ಮರುಪ್ರಸಾರವಾಗುವುದಿಲ್ಲ. ಹೇಳುವವರಿರುವಾಗಲೇ ಕೇಳಿಕೊಳ್ಳಬೇಕು. ಸಾಧ್ಯವಾದರೆ ಆ ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಮಕ್ಕಳು ಹುಡುಕುವ ಹಳೆಯ ಕಂತು ಅದೇ ಆಗಿರುತ್ತದೆ.

ಕೊನೆಯ ಕಂತು ಮುಗಿದ ಮೇಲೆ ಎಲ್ಲರೂ ಎದ್ದು ಹೋಗುವ ಮುನ್ನ ಎರಡು ಪ್ರಶ್ನೆ ಕೇಳಿ: ಇವತ್ತು ಯಾವುದಕ್ಕೆ ನಗು ಬಂತು? ಯಾವುದಕ್ಕೆ ಬರಲಿಲ್ಲ? ಮನೆಯಲ್ಲಿ ಎಲ್ಲರ ಉತ್ತರವೂ ಒಂದೇ ಆಗಿರಬೇಕಿಲ್ಲ. ನೀವು ನಕ್ಕ ಕಡೆ ಮಗಳು ನಗದಿದ್ದರೆ ಬೇಸರಪಡಬೇಡಿ. ನಮ್ಮ ಕಾಲದಲ್ಲಿ ಸಹಿಸಿಕೊಂಡದ್ದನ್ನು ತಾನು ಸಹಿಸುವುದಿಲ್ಲವೆಂದು ಅವಳು ಹೇಳುತ್ತಿರಬಹುದು. ಅದನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಟಿ.ವಿ.ಯ ಧ್ವನಿಯನ್ನು ಕಡಿಮೆ ಮಾಡಿದರೆ ಸಾಕು.